ಕೈ ಹಚ್ಚಿದವಳು

ಹೊಸ ಬಟ್ಟೆಯ ಗಂಜಿ ವಾಸನೆ ನಿಮಗೆ ಹಬ್ಬವನ್ನು ನೆನಪಿಸಬಹುದು. ನನಗೆ ಅದು ಬನಹಟ್ಟಿಯ ನಮ್ಮ ಓಣಿಯನ್ನೇ ತಂದು ಮೂಗಿನ ಮುಂದೆ ಹಿಡಿಯುತ್ತದೆ. ಹೋದ ತಿಂಗಳು ಜಮಖಂಡಿಯ ಶಾಲೆಯಿಂದ ನನಗೆ ವರ್ಗವಾದಾಗ ಜೊತೆಯ ಶಿಕ್ಷಕಿಯರು ಒಂದು ಮೇಜಿನ ಹಾಸು ಕೊಟ್ಟರು. ಹೊರದೇಶದ ಅಂಗಡಿಯದಂತೆ. ಮೂಲೆಗೆ ಹೊಲಿದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಇದಕ್ಕಾಗಿ ಮಕ್ಕಳನ್ನು ದುಡಿಸಿಲ್ಲ. ಓದಿದ ಕೂಡಲೇ ಕಸ್ತೂರಿ ನೆನಪಾದಳು.

ಕಸ್ತೂರಿ ನಮ್ಮ ಪಕ್ಕದ ಮನೆಯವಳು, ನನ್ನ ಓರಗೆಯವಳು. ಅವಳ ಅವ್ವ ಮನೆಯಲ್ಲೇ ಕೂತು ಒಬ್ಬ ಮಾಲಕರ ಪಾವರ್‌ಲೂಮ್ ಶೆಡ್ಡಿಗೆ ಕಂಡಿಕಿ ಸುತ್ತಿಕೊಡುತ್ತಿದ್ದಳು. ಕಂಡಿಕಿ ಅಂದರೆ ಲಾಳಿಯೊಳಗೆ ಕೂರುವ ನೂಲಿನ ಕೊಳವೆ. ಅದು ತೀರಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಮಾಲಕರ ಬಾಯಿ ಶುರುವಾಗುತ್ತದೆ. ಅವ್ವನಿಗೆ ಕೆಮ್ಮು ಹತ್ತಿಕೊಂಡ ಮೇಲೆ ನೂಲು ಸುತ್ತುವ ರಾಟಿಯ ಮುಂದೆ ಕಸ್ತೂರಿ ಬಂದು ಕೂತಳು. ಮೂರನೇ ಇಯತ್ತೆಗೇ ಅವಳ ಸಾಲಿ ನಿಂತಿತು. ನೂಲು ಓಡಿ ಓಡಿ ಅವಳ ತೋರುಬೆರಳಿನಲ್ಲಿ ಗೀರು ಬಿದ್ದಿತ್ತು. ನನಗೋ ಅವಳ ಮೇಲೆ ಹೊಟ್ಟೆಕಿಚ್ಚು! ಮಗ್ಗಿ ಬಾಯಿಪಾಠ ಮಾಡುವ ಕಾಟ ಅವಳಿಗಿರಲಿಲ್ಲವಲ್ಲ. ಮುಂದೆ ಅದೇ ಮಗ್ಗಿ ಕಲಿಸಿ ಹೊಟ್ಟೆ ಹೊರೆದೆ, ಆ ಮಾತು ಬೇರೆ.

ನಮ್ಮ ಓಣಿಯಲ್ಲಿ ಮಕ್ಕಳು ಕೆಲಸ ಮಾಡುತ್ತಿರಲಿಲ್ಲ, ನೋಡಿ. ಕೆಲಸ ಅಂದರೆ ಪಗಾರ ತೆಗೆದುಕೊಳ್ಳುವವರದು. ಮಕ್ಕಳದು ‘ಕೈ ಹಚ್ಚೂದು’. ತುಂಬಿದ ಕೊಡ ಎತ್ತಲಾರದ ಅವ್ವ ‘ಚೂರು ಕೈ ಹಚ್ಚ ಬಾ’ ಅನ್ನುತ್ತಾಳಲ್ಲ, ಹಾಗೆ. ನಮ್ಮಲ್ಲಿ ಮುಟ್ಟುವುದಕ್ಕೂ ಅದೇ ಮಾತು. ‘ಕೈ ಹಚ್ಚಬ್ಯಾಡ’ ಅಂದರೆ ಮುಟ್ಟಬೇಡ ಅಂತ.

ಒಂದು ದಿನ, ಆ ಮಾಲಕರ ಬಟ್ಟೆಯನ್ನು ಹೊರದೇಶಕ್ಕೆ ಕಳಿಸುವ ವ್ಯಾಪಾರಿಯ ಕಡೆಯಿಂದ ಒಬ್ಬ ಸಾಹೇಬರು ಬಂದರು. ಮಕ್ಕಳನ್ನು ದುಡಿಸಿದ್ದಾದರೆ ಅಲ್ಲಿಯವರು ಕೊಳ್ಳುವುದಿಲ್ಲವಂತೆ. ಶೆಡ್ಡು ನೋಡಿ, ಮಾಲಕರ ಜೊತೆ ನಮ್ಮ ಓಣಿಗೂ ಬಂದರು. ಅವರದು ಬೆಂಗಳೂರು ಕಡೆಯ ಕನ್ನಡ. ನಾನು ಕಸ್ತೂರಿಯ ಮನೆ ಬಾಗಿಲಲ್ಲೇ ನಿಂತಿದ್ದೆ.

“ನೀನು ಕೆಲಸ ಮಾಡ್ತೀಯೇನಮ್ಮಾ?” ಎಂದು ರಾಟಿಯ ಮುಂದೆ ಕೂತಿದ್ದ ಅವಳನ್ನು ಕೇಳಿದರು.

“ಇಲ್ಲರಿ. ನಾ ಕೆಲಸ ಮಾಡೂದಿಲ್ಲ. ಕೈ ಹಚ್ಚತೀನ್ರಿ.”

ಸಾಹೇಬರು ಮಾಲಕರ ಮುಖ ನೋಡಿದರು. “ಹಾಗಂದ್ರೆ?”

“ಮುಟ್ಟತೈತ್ರಿ, ಅಷ್ಟ. ಸಣ್ಣ ಹುಡುಗಿ, ಆಡಾಕ ಕುಂತೈತಿ,” ಎಂದರು ಮಾಲಕರು.

“ಹುಷಾರು ಪುಟ್ಟಿ, ನೂಲು ಹರಿದುಬಿಟ್ಟೀಯ!” ಎಂದು ಸಾಹೇಬರು ನಕ್ಕು, ಅವಳ ಕೆನ್ನೆ ತಟ್ಟಿ ಹೊರಟುಹೋದರು.

ಮುಂದೆ ಈ ಪ್ರಸಂಗ ನನ್ನ ಬಾಯಲ್ಲಿ ನಗೆಯ ಕಥೆಯಾಯಿತು. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಬೆಂಗಳೂರಿನವರ ಕನ್ನಡವನ್ನು ಅಣಕಿಸಬೇಕಾದಾಗಲೆಲ್ಲ ಹೇಳಿದ್ದೇನೆ. ನನ್ನಂತೆ ಹೇಳುವವರಿಲ್ಲ ಎಂಬ ಜಂಬ ಬೇರೆ.

ಮೊನ್ನೆ ಬನಹಟ್ಟಿಯಲ್ಲಿ ಕಸ್ತೂರಿಯ ಮಗಳ ಕುಬಸವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಆರತಿ ಮಾಡಿ, ಊಟವಾದ ಮೇಲೆ ಹೆಂಗಸರು ಎಲೆಅಡಿಕೆ ಹಾಕಿಕೊಳ್ಳುತ್ತ, “ಅಕ್ಕೋರ, ಏನರೆ ಹೇಳ್ರಿ,” ಎಂದರು. ಚೀಟಿಯ ಸುದ್ದಿಯಿಂದ ಶುರುಮಾಡಿ, ಸಾಹೇಬರ ದನಿ ತೆಗೆದು, ಅದೇ ಕಥೆ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡವಳಾದ ಮೇಲೆ ಶೆಡ್ಡಿಗೇ ಹೋದ ಕಸ್ತೂರಿಯ ಕಿವಿ ಮಗ್ಗದ ಸಪ್ಪಳಕ್ಕೆ ಮಂದವಾಗಿ ವರ್ಷಗಳಾಗಿವೆ. ಅವಳು ನನ್ನ ತುಟಿಯನ್ನೇ ನೋಡುತ್ತ ಕೂತಿದ್ದಳು. ನಗು ನಿಂತ ಮೇಲೆ, ಕಿವಿ ಕೇಳದವರು ಮಾತಾಡುವ ಹಾಗೆ ಜೋರು ದನಿಯಲ್ಲಿ ಹೇಳಿದಳು:

“ಸಾಹೇಬ್ರು ಬಂದ್ರ ಸಾಲಿಗಿ ಹಿಡ್ಕೊಂಡ ಹೊಕ್ಕಾರಂತ ನಮ್ಮವ್ವ ಅಂಜಸ್ತಿದ್ಲಬೇ. ಅವತ್ತ ನಾ ಪಾಟೀಚೀಲ ತುಂಬ್ಕೊಂಡ ರಾಟಿ ಹಿಂದ ಇಟ್ಟಿದ್ನಿ. ಬಾ ಅಂದಿದ್ರ ಎದ್ದ ಹೋಗಿಬಿಡ್ತಿದ್ನಿ. ಅಂವಾ ಬಾ ಅನ್ನಲಿಲ್ಲ.”

ಆ ಬಾಗಿಲಲ್ಲೇ ನಿಂತಿದ್ದ ನನಗೆ ಸ್ಲೇಟು ಪುಸ್ತಕದ ಆ ಚೀಲ ಕಂಡಿರಲಿಲ್ಲ. ಕಸ್ತೂರಿ ಎದ್ದು ಮಗಳಿಗೆ ನೀರು ತರಲು ಒಳಗೆ ಹೋದಳು.

ಇದನ್ನು ಓದುತ್ತ ನೀವೂ ಎಲ್ಲೋ ಒಂದು ಕಡೆ ನಕ್ಕಿದ್ದರೆ ತಪ್ಪು ನಿಮ್ಮದಲ್ಲ. ಇಷ್ಟು ವರ್ಷದ ರೂಢಿ, ನನಗೆ ಬೇರೆ ರೀತಿ ಹೇಳಲು ಬರುವುದಿಲ್ಲ. ಬೇಸಿಗೆ ರಜೆ ಮುಗಿಯಿತು, ಹೊಸ ಶಾಲೆಗೆ ನಾಳೆ ಹಾಜರಾಗಬೇಕು. ಮೊದಲ ದಿನ ಬಾಗಿಲ ಹೊರಗೆ ನಿಂತು ಇಣುಕುವ ಮಕ್ಕಳಿರುತ್ತಾರೆ. ಅವರನ್ನು ನಾನು ಏನನ್ನೂ ಕೇಳುವುದಿಲ್ಲ. ಬಾ ಅನ್ನುತ್ತೇನೆ.