ಅತ್ತೆಗೆ ಬರದ ಕಾಮಾಲೆ

ಗಡುವು ಮುಗಿದ ಮೇಲೆ ಕೊಟ್ಟ ಕ್ರಿಮಿನಲ್ ದೂರನ್ನು ಕೋರ್ಟು ತೆಗೆದುಕೊಳ್ಳಬೇಕಾದರೆ ತಡಕ್ಕೆ ನಂಬುವಂಥ ಕಾರಣ ಹೇಳಬೇಕು, ಇಲ್ಲವೇ ನ್ಯಾಯಕ್ಕಾಗಿ ಅದನ್ನು ಕೇಳಲೇಬೇಕು ಎಂದು ಕೋರ್ಟಿಗೆ ಅನ್ನಿಸಬೇಕು. ನಾನು ಹುಬ್ಬಳ್ಳಿಯಲ್ಲಿ ವಕೀಲಿ ಕಲಿತ ಆಫೀಸಿನಲ್ಲಿ ಕಾರಣ ಒಂದೇ ಇತ್ತು: ಕಾಮಾಲೆ. ಸೀನಿಯರ್ ಸಾಹೇಬರ ಕಂಪ್ಯೂಟರಿನಲ್ಲಿ ಅರ್ಜಿಯ ನಮೂನೆ ಸಿದ್ಧವಿತ್ತು, ಹೆಸರು ಬದಲಿಸಿದರೆ ಮುಗಿಯಿತು. ಆ ಅರ್ಜಿಗಳನ್ನು ನಂಬಿದರೆ ಹುಬ್ಬಳ್ಳಿ-ಧಾರವಾಡದ ಅರ್ಧ ಜನ ಹಳದಿಯಾಗಿ ಓಡಾಡಬೇಕಿತ್ತು.

ಹೀಗಿರುವಾಗ ನನ್ನ ಸೋದರತ್ತೆ ಬಂದಳು. ಕೇಶ್ವಾಪುರದ ಒಂದು ವಠಾರದಲ್ಲಿರುವ ನಿವೃತ್ತ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಾರಕ್ಕೊಮ್ಮೆ ಬರುವ ನೀರಿಗೆ ಎಲ್ಲರೂ ನಳದ ಮುಂದೆ ಕೊಡ ಇಟ್ಟಿದ್ದಾಗ ಪಕ್ಕದ ಮನೆಯವನು ಸಾಲು ಮುರಿದನಂತೆ. ಅತ್ತೆ ಅವನ ಕೊಡವನ್ನು ಎತ್ತಿ ಹಿಂದೆ ಇಟ್ಟಳು. ಅವನು ಎಲ್ಲರೆದುರು ಅವಳ ಕೆನ್ನೆಗೆ ಬಾರಿಸಿದ. ಅತ್ತೆಯ ಕೈಯಲ್ಲೇ ಅಕ್ಷರ ಕಲಿತವನು! ಅಂದಿನಿಂದ ಅವಳು ನಳದ ಕಡೆ ಹೋಗಿರಲಿಲ್ಲ. ನೀರು ಬಂದ ದಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು, ಎದುರು ಮನೆಯಾಕೆ ಎರಡು ಕೊಡ ತಂದು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು.

ಇಂಥ ದೂರಿಗೆ ಒಂದು ವರ್ಷದ ಗಡುವು. ಹೊಡೆದು ಹದಿಮೂರು ತಿಂಗಳಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ರೇಗಿದೆ. ಮೊದಲ ತಿಂಗಳು, ಅವನೇ ಬಂದು ತಪ್ಪಾಯಿತು ಅಂತಾನೆ ಎಂದು ಕಾದಳಂತೆ. ಅಷ್ಟರಲ್ಲಿ ಅವನ ತಾಯಿ ತೀರಿಕೊಂಡಳು. ಆಕೆ ಅತ್ತೆಯ ಗೆಳತಿ.

"ಸತ್ತ ಮನಿ ಮ್ಯಾಲ ವರ್ಷ ತುಂಬೂತನಕ ಕೇಸ್ ಹಾಕಬಾರದವಾ" ಎಂದಳು ಅತ್ತೆ.

ಅಷ್ಟೇ ಅಲ್ಲ, ವರ್ಷದ ತಿಥಿಗೆ ಹೋಗಿ, ಎರಡು ಹೋಳಿಗೆ ಉಂಡು, ಮರುದಿನ ಬೆಳಿಗ್ಗೆ ನೆಟ್ಟಗೆ ನಮ್ಮ ಆಫೀಸಿಗೆ ಬಂದಿದ್ದಳು. ನಾನು ಹಣೆ ಚಚ್ಚಿಕೊಂಡು ಅರ್ಜಿಯಲ್ಲಿ ಅವಳಿಗೂ ಕಾಮಾಲೆ ತರಿಸಿದೆ. ಅತ್ತೆ ಚಾಳೀಸು ಮೂಗಿಗೇರಿಸಿ ಓದಿದಳು. ಪರ್ಸಿನಿಂದ ಕೆಂಪು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದಳು.

"ನನಗ ನೆಗಡೀನೂ ಬಂದಿಲ್ಲ. ಸುಳ್ಳು ಚೀಟಿ ತಂದ ಹುಡುಗುರನ್ನ ಮೂವತ್ತು ವರ್ಷ ಬಾಗಲದಾಗ ನಿಂದರಿಸೇನಿ. ಈಗ ನಾನ ತರ್ಲೇನು?"

ಖರೆ ಕಾರಣ ಬರೆದರೆ ದೂರು ಬಿದ್ದುಹೋಗುತ್ತದೆ ಎಂದು ಸೀನಿಯರ್ ನಕ್ಕರು. ಗೊಣಗುತ್ತಲೇ ಅದನ್ನೇ ಬರೆದೆ.

ಕೋರ್ಟು ಹೊಡೆದವನಿಗೂ ನೋಟೀಸು ಕಳಿಸಿ ಕರೆಸಿತು. ಅವನ ವಕೀಲರು ಎದ್ದು, ಅದೇ ಮನೆಯಲ್ಲಿ ಹೋಳಿಗೆ ಉಂಡವರಿಗೆ ಎಂಥ ನೋವು ಸ್ವಾಮಿ ಎಂದರು. ಮ್ಯಾಜಿಸ್ಟ್ರೇಟರು ಅತ್ತೆಯನ್ನೇ ಕೇಳಿದರು.

"ಉಂಡದ್ದು ಅವರವ್ವನ ಹೆಸರಿನ ಊಟಾರಿ. ಹೊಡದಾವ ಇವಾ. ಎರಡೂ ಕೂಡಿಸಿದ್ರ ಹೆಂಗರಿ?"

ಮ್ಯಾಜಿಸ್ಟ್ರೇಟರು ತಡಕ್ಕೆ ತಕ್ಕ ಕಾರಣವಿದೆ, ದೂರನ್ನು ತೆಗೆದುಕೊಳ್ಳಲಾಗಿದೆ ಎಂದು ಆದೇಶ ಬರೆಸಿದರು. ನನಗೆ ಕುಣಿಯಬೇಕು ಅನ್ನಿಸಿತು.

ಹೊರಗೆ ಮೆಟ್ಟಿಲ ಮೇಲೆ ಅವನು ಅಡ್ಡ ಬಂದು, ಶಾಲೆಯಲ್ಲಿ ಕರೆಯುತ್ತಿದ್ದಂತೆಯೇ, ತಪ್ಪಾತ್ರಿ ಅಕ್ಕೋರ ಎಂದ. ಅತ್ತೆ ನಿಂತಳು.

"ನನ್ನ ತಡಕ್ಕ ಕಾರಣ ಬರದು ಕೊಟ್ಟೇನಿ. ನಿನ್ನ ತಡಕ್ಕ ಏನು ಕಾರಣ?"

ನಲವತ್ತು ದಾಟಿದ ಗಂಡಸು ಕಾಲ್ಬೆರಳಿನಿಂದ ನೆಲ ಕೆರೆಯುತ್ತ ನಿಂತ. ಕೊನೆಗೆ, ನಾಚಿಕಿ ಬಂತ್ರಿ ಎಂದ.

"ಅದು ಖರೇ ಕಾರಣ. ಆದ್ರ ಇಲ್ಲಿ ಬ್ಯಾಡ. ನೀರು ಬಂದ ದಿನ ನಳದ ಮುಂದ ಹೇಳು."

ನಾಲ್ಕು ದಿನಕ್ಕೆ ನೀರು ಬಂತು. ನಾನೂ ಹೋಗಿದ್ದೆ. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೊಡ ಹಿಡಿದು, ಬಾಗಿಲು ತೆಗೆದು ಹೊರಗೆ ಬಂದಳು. ಅವನು ಇಡೀ ವಠಾರಕ್ಕೆ ಕೇಳುವಂತೆ ತಪ್ಪಾಯಿತು ಎಂದು ಹೇಳಿದ. ಮುಂದಿನ ತಾರೀಖಿಗೆ ದೂರು ಹಿಂದಕ್ಕೆ ತಗೋ ಎಂದು ಅತ್ತೆ ನನಗೆ ಅಲ್ಲೇ ಹೇಳಿದಳು. ಅವನು ಖುಷಿಯಿಂದ ಅವಳ ಕೊಡ ಎತ್ತಿ ಎಲ್ಲರಿಗಿಂತ ಮುಂದೆ, ನಳದ ಕೆಳಗೆ ಇಟ್ಟ.

ಅತ್ತೆ ಅದನ್ನು ಎತ್ತಿಕೊಂಡು ಹೋಗಿ ಸಾಲಿನ ಕೊನೆಯಲ್ಲಿಟ್ಟು, ಅದರ ಪಕ್ಕ ನಿಂತಳು.