ಕಾಗುಣಿತದಕ್ಕ ಹಿಡಿದ ಸಹಿಗಳು

ಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕಾಗುಣಿತದಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಕಿಟಕಿಯ ಪಕ್ಕದ ಒಂದೇ ಕುರ್ಚಿಯಲ್ಲಿ ಕೂತು ಕರಡು ತಿದ್ದಿದವಳು. ಸಂಪಾದಕರ ಬರಹವನ್ನೂ ಕೆಂಪು ಶಾಯಿ ತಾಗಿಸದೆ ಬಿಟ್ಟವಳಲ್ಲ.

ಒಂದು ಮಧ್ಯಾಹ್ನ ಜಮೀನು ಮಾರಾಟದ ಪ್ರಕಟಣೆಯೊಂದು ಅವಳ ಮೇಜಿಗೆ ಬಂತು. ಜೊತೆಗೆ ಹಳೆಯ ಪತ್ರವೊಂದರ ನಕಲು. ತಂದೆಯ ಜಮೀನಿನಲ್ಲಿ ತಮಗೆ ಪಾಲು ಬೇಡವೆಂದು ಮೂವರು ಅಕ್ಕತಂಗಿಯರು ಅಣ್ಣನಿಗೆ ಸಹಿ ಹಾಕಿಕೊಟ್ಟಿದ್ದರು. ಹೆಸರು ಮೂರು, ಕೈ ಮಾತ್ರ ಒಂದೇ. ಮೂರರಲ್ಲೂ ಕೊನೆಯ ಅಕ್ಷರದ ಬಾಲ ಕೊಕ್ಕೆಯಂತೆ ಮೇಲಕ್ಕೆ ಬಾಗಿತ್ತು.

ಅವಳು ಅದನ್ನು ಒಯ್ದು ತೋರಿಸಿದಾಗ ಸಂಪಾದಕರು ಕನ್ನಡಕ ತೆಗೆದು ನೋಡಿದರು. "ನೀವು ಹೇಳೋದು ಸರಿ ಅಕ್ಕ. ಆದ್ರೆ ಇದರ ಹಿಂದೆ ತಿಂಗಳುಗಟ್ಟಲೆ ಅಲೆಯೋಕೆ ನನ್ನ ಹತ್ರ ಯಾರಿದ್ದಾರೆ?" ಎಂದರು. ಎರಡು ದಿನ ಬಿಟ್ಟು ಅವರೇ ಒಂದು ಅರ್ಜಿ ತಂದುಕೊಟ್ಟರು. ಹೆಣ್ಣು ಗಂಡಿನ ಸಮಾನತೆಯ ಬಗ್ಗೆ ತನಿಖಾ ವರದಿ ಬರೆಯುವವರಿಗೆ ಸಂಸ್ಥೆಯೊಂದು ಅನುದಾನ ಕೊಡುತ್ತಿತ್ತು. ವರದಿಗಾರಿಕೆಯ ಅನುಭವ ಎಂಬಲ್ಲಿ ಅವಳು, "ಇಲ್ಲ. ಬೇರೆಯವರ ತಪ್ಪು ಹುಡುಕಿದ ಅನುಭವ ಹತ್ತೊಂಬತ್ತು ವರ್ಷ" ಎಂದು ಬರೆದಳು. ವರದಿಗಾರರು ಬಿದ್ದು ಬಿದ್ದು ನಕ್ಕರು. ಅನುದಾನ ಸಿಕ್ಕಿತು.

ರಜೆ ಹಾಕಿ ನೋಂದಣಿ ಕಚೇರಿಯ ದೂಳು ಹಿಡಿದ ದಾಖಲೆ ಕೋಣೆಯಲ್ಲಿ ಕೂತಳು. ಅದೇ ಕೊಕ್ಕೆ ನಲವತ್ತೊಂದು ಪತ್ರಗಳಲ್ಲಿ ಸಿಕ್ಕಿತು. ಎಲ್ಲವನ್ನೂ ಬರೆದವನು ಒಬ್ಬನೇ ಪತ್ರ ಬರಹಗಾರ. ಆ ಹೆಂಗಸರ ಮನೆಗಳನ್ನು ಹುಡುಕಿಕೊಂಡು ಹೋದಳು. ಕೆಲವರಿಗೆ ವಿಷಯವೇ ಗೊತ್ತಿರಲಿಲ್ಲ. ಗೊತ್ತಿದ್ದವರು ದನಿ ತಗ್ಗಿಸಿ, "ನನ್ನ ಹೆಸರು ಹಾಕ್ಬೇಡಮ್ಮ, ತವರಿನ ಬಾಗಿಲು ಮುಚ್ಚಿಹೋಗುತ್ತೆ" ಎಂದು ಕೈ ಹಿಡಿದುಕೊಂಡರು. ಹೆಸರು ಕೊಡಲು ಒಬ್ಬಳೂ ಒಪ್ಪಲಿಲ್ಲ.

ನಲವತ್ತೆರಡನೆಯ ಪತ್ರ ಅವಳ ತಾತನ ಜಮೀನಿನದಾಗಿತ್ತು. ಕೆಳಗೆ ಅವಳ ಅಮ್ಮನ ಸಹಿ, ಮುದ್ದಾದ ಅಕ್ಷರದಲ್ಲಿ, ಕೊನೆಗೆ ಅದೇ ಕೊಕ್ಕೆ. ಅಮ್ಮ ಹುಟ್ಟಿದಾಗಿನಿಂದ ಹೆಬ್ಬೆಟ್ಟು ಬಿಟ್ಟು ಬೇರೇನೂ ಒತ್ತಿದವಳಲ್ಲ.

ಮನೆಗೆ ಬಂದಾಗ ಅಮ್ಮ ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು. ಅವಳು ನಕಲನ್ನು ಮುಂದಿಟ್ಟು ಎಲ್ಲ ಹೇಳಿದಳು. ಅಮ್ಮ ಆ ಸಹಿಯ ಮೇಲೆ ನಿಧಾನವಾಗಿ ಬೆರಳಾಡಿಸಿದಳು.

"ನನ್ನ ಹೆಸರು ಬರೆದ್ರೆ ಹೀಗೆ ಕಾಣುತ್ತಾ?"

"ಹೂಂ ಅಮ್ಮ."

"ಕೇಳಿದ್ರೆ ನಾನೇ ಕೊಡ್ತಿದ್ನಲ್ಲೇ. ಒಂದ್ ಮಾತು ಕೇಳಬಾರದಿತ್ತಾ ನನ್ ತಮ್ಮ?"

ಅವಳು ನಕಲನ್ನು ಮಡಚಿದಳು. "ಇದನ್ನ ಬಿಟ್ಟುಬಿಡ್ತೀನಿ" ಎಂದಳು.

"ಬೇಡ. ಬೇರೆಯವರ ಮನೇದು ಬರೆದು ನಮ್ಮದು ಮುಚ್ಚಿಟ್ರೆ ನಿನ್ನ ಯಾರು ನಂಬ್ತಾರೆ? ನನ್ನ ಹೆಸರೇ ಹಾಕು."

ಹಾಕಿದಳು. ವರದಿ ಮೂರು ದಿನ ಬಂತು. ಪತ್ರ ಬರಹಗಾರನ ಪರವಾನಗಿ ಹೋಯಿತು, ವಿಚಾರಣೆ ಶುರುವಾಯಿತು. ಜಮೀನು ಇನ್ನೂ ಯಾರಿಗೂ ವಾಪಸು ಸಿಕ್ಕಿಲ್ಲ. ಮೊದಲು ಹೆಸರು ಕೊಡದಿದ್ದ ಹೆಂಗಸರಲ್ಲಿ ಆರು ಮಂದಿ ತಾವಾಗಿಯೇ ಬಂದು ದೂರು ಕೊಟ್ಟರು. ಸೋದರಮಾವ ಒಮ್ಮೆ ಫೋನ್ ಮಾಡಿ, "ಮಾನ ಹರಾಜು ಹಾಕಿದ್ಯಲ್ಲ" ಎಂದು ಕೂಗಾಡಿದ್ದೇ ಕೊನೆ, ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಅಮ್ಮ ತಮ್ಮನನ್ನು ಬೈಯಲಿಲ್ಲ. ಆದರೆ ಸಂಜೆ ಗೇಟಿನ ಸದ್ದಾದಾಗ ಎದ್ದುಹೋಗಿ ನೋಡುತ್ತಾಳೆ. ಮಗಳು ಅದನ್ನು ಕಂಡೂ ಕಾಣದಂತೆ ಕರಡಿನ ಮೇಲೆ ಬಗ್ಗುತ್ತಾಳೆ.