ಅವರಿಬ್ಬರ ನಡುವಿನ ಗೆರೆ

ಭಾಲ್ಕಿಯ ನಮ್ಮ ಮನೆಗೆ ಪ್ರತಿ ಗುರುವಾರ ತಪ್ಪದೆ ಬರುತ್ತಿದ್ದವಳು ಪುನರ್ವಸತಿ ಕಾರ್ಯಕರ್ತೆ ಒಬ್ಬಳೇ. ಹತ್ತೊಂಬತ್ತರ ನನ್ನ ಮಗಳಿಗೆ ಹುಟ್ಟಿನಿಂದ ಕೈಕಾಲು ಬಿಗಿ. ಶಾಲೆ ಮುಗಿದ ಮೇಲೆ ಅವಳನ್ನು ಕೇಳಿಕೊಂಡು ಬರುವವರು ಬೇರೆ ಯಾರೂ ಇರಲಿಲ್ಲ. ನನ್ನನ್ನೂ. ಗುರುವಾರ ಬೆಳಿಗ್ಗೆಯೇ ಮಗಳು ಗೋಡೆ ಹಿಡಿದು ಹೋಗಿ ಬಾಗಿಲ ಬಳಿ ಕುರ್ಚಿ ಎಳೆದಿಡುತ್ತಿದ್ದಳು.

ಬೀದರದ ತರಬೇತಿ ಕೇಂದ್ರದಲ್ಲಿ ಅವಳಿಗೊಂದು ಜಾಗಕ್ಕಾಗಿ ವರ್ಷದಿಂದ ಓಡಾಡುತ್ತಿದ್ದೆ. ಅಲ್ಲಿಯ ಟೀಚರು ಭಾಲ್ಕಿಯಿಂದ ವರದಿ ಬರಲಿ ಎನ್ನುತ್ತಿದ್ದರು; ನಮ್ಮ ಕಾರ್ಯಕರ್ತೆ ಮೊದಲು ಬೀದರದವರು ಕೇಳಲಿ ಎನ್ನುತ್ತಿದ್ದಳು. ನಡುವೆ ಬಸ್ಸಿನಲ್ಲಿ, ಮಡಿಲಲ್ಲಿ ಫೈಲು ಇಟ್ಟುಕೊಂಡು, ನಾನು.

ಒಂದು ದಿನ ಬೀದರದಲ್ಲಿ ಸಭೆ ಕರೆದರು. ಭಾಲ್ಕಿ, ಔರಾದ, ಬೀದರದ ತಂಡಗಳು ಎಷ್ಟರ ಮಟ್ಟಿಗೆ ಕೂಡಿ ಕೆಲಸ ಮಾಡುತ್ತವೆ ಎಂದು ಅಳೆಯುವುದಂತೆ. ಹಾಳೆಯಲ್ಲಿ ಒಬ್ಬೊಬ್ಬರಿಗೂ ಒಂದು ವೃತ್ತ, ವೃತ್ತದಿಂದ ವೃತ್ತಕ್ಕೆ ಗೆರೆ. ಗೆರೆಯ ಮೇಲೆ ಸೊನ್ನೆಯಿಂದ ಐದರೊಳಗೆ ಅಂಕಿ ಹಾಕಬೇಕು: ಮಾತೇ ಇಲ್ಲದಿದ್ದರೆ ಸೊನ್ನೆ, ಪೂರ್ತಿ ಕೂಡಿ ಮಾಡಿದರೆ ಐದು. ಪಾಲಕರ ಪರವಾಗಿ ನನಗೂ ಒಂದು ಹಾಳೆ ಕೊಟ್ಟರು. ಪಾಲಕರಿಗೆಂದು ಅದರಲ್ಲಿ ವೃತ್ತ ಇರಲಿಲ್ಲ.

ಮುಂದಿನ ಸಾಲಿನಿಂದ ತುಂಬಿದ ಹಾಳೆಯೊಂದು ಕೈಯಿಂದ ಕೈಗೆ ದಾಟಿ ಬಂತು. ಎಲ್ಲ ಗೆರೆಗೂ ಐದು. ಉಳಿದವರು ಅದನ್ನೇ ನೋಡಿ ಬರೆದರು.

"ಅಕ್ಕಾ, ಐದು ಹಾಕ್ರಿ. ಮನಿ ಮಾತು ಮಂದಿಗ್ಯಾಕ?" ಪಕ್ಕದಲ್ಲಿದ್ದ ನಮ್ಮ ಕಾರ್ಯಕರ್ತೆ ಪಿಸುಗುಟ್ಟಿದಳು.

"ನೀವೂ ಆ ಟೀಚರೂ ಒಂದಿನಾರ ಮಾತಾಡೀರೇನ್ರಿ?" ಎಂದೆ.

"ಅವರ ಫೋನ್ ನಂಬರ್ ಅದ ರೀ..."

ಔರಾದದ ಕಾರ್ಯಕರ್ತೆ ನನ್ನತ್ತ ನೋಡಿ ನಕ್ಕಳು. "ಕಾನ್ವೆಂಟಿನಾಗ ಓದಿದವರು ನೋಡ್ರಿ, ಮಾರ್ಕ್ಸ್ ಕೊಡ್ಲಾಕ ಕೈನೇ ಬರಲ್ಲ!"

ನಾನೂ ನಕ್ಕೆ. ಐದು ಹಾಕಿದರೆ ನನಗೆ ಗುರುವಾರ ಉಳಿಯುತ್ತದೆ, ಮಗಳು ಮನೆಯಲ್ಲೇ ಉಳಿಯುತ್ತಾಳೆ. ಟೀಚರು, ನಮ್ಮ ಕಾರ್ಯಕರ್ತೆ, ಅವರಿಬ್ಬರ ನಡುವಿನ ಗೆರೆಗೆ ಸೊನ್ನೆ ಹಾಕಿದೆ, ಆದಷ್ಟು ಸಣ್ಣದಾಗಿ. ನಮ್ಮ ಕಾರ್ಯಕರ್ತೆ ನೋಡಿದಳು. ಪೆನ್ನಿಗೆ ಮುಚ್ಚಳ ಹಾಕಿ ಬ್ಯಾಗಿನಲ್ಲಿಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು.

ಮುಂದಿನ ಗುರುವಾರ ಮೂರು ಕಪ್ಪಿನ ಚಹಾ ಕುದಿಸಿದೆ. ಆಕೆ ಬರಲಿಲ್ಲ; ಎರಡು ಕಪ್ಪಿಗೆ ಸೋಸಿದೆ. ಉಳಿದದ್ದು ಪಾತ್ರೆಯಲ್ಲೇ ಕೆನೆಗಟ್ಟಿತು.

ಮಧ್ಯಾಹ್ನ ಬೀದರದ ಟೀಚರು ಫೋನು ಮಾಡಿದರು. "ನಿಮ್ಮ ಭಾಲ್ಕಿ ಕಾರ್ಯಕರ್ತೆ ಮುಂಜಾನಿ ಫೋನ್ ಮಾಡಿದ್ರು ರೀ. ವರದಿನೂ ಕಳಿಸ್ಯಾರ. ಸೋಮವಾರ ಮಗಳಿಗಿ ಕರ್ಕೊಂಡು ಬರ್ರಿ."

"ನನ್ನ ಬಗ್ಗಿ ಏನರ ಅಂದ್ರೇನ್ರಿ?"

"ಇಲ್ರಿ. ಹುಡುಗಿದಷ್ಟೇ ಮಾತಾಡಿದ್ರು."

ಮಗಳಿಗೆ ಸೋಮವಾರದ ಸುದ್ದಿ ಹೇಳಿದೆ. ಅವಳು ಚಪ್ಪಾಳೆ ತಟ್ಟಿದಳು. ಕುರ್ಚಿ ಒಳಗಿಡಲು ನಾನು ಬಾಗಿದಾಗ, "ತೆಗೀಬ್ಯಾಡಮ್ಮಾ, ಬರ್ತಾಳ" ಎಂದಳು. ಬಿಟ್ಟೆ.